ಹುಣ್ಣಿಮೆಗೆ ಸಿಗದ ಹುಡುಗ

"ಎರಡು ಹುಣ್ಣಿಮೆ ಆಯ್ತು ಅಮರ್. ಮೂರನೇದಕ್ಕೆ ನಾನು ಕಾಯಲ್ಲ."

ಬಸವನಗುಡಿಯ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲೇ ನಿಂತು ವಿಶಾಖಾ ಹೇಳಿದಳು. ಬಿನ್ನಿಪೇಟೆಯಿಂದ ಆಟೋದಲ್ಲಿ ಬರುವಾಗ, ಅಳಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಿಸಿಲಿಗೆ ಕಪ್ಪಿಟ್ಟ ಅವನ ಮುಖ ನೋಡಿದ್ದೇ ತಡ, ಕಣ್ಣು ತುಂಬಿತು.

ಅವಳ ತಾಯಿ ಗಂಗರತ್ನಮ್ಮನಿಗೆ ಹುಣ್ಣಿಮೆಯೇ ಆಗಬೇಕು. ಅಂದು ಮನೆಯಲ್ಲಿ ಬುದ್ಧವಂದನೆ, ನೆಂಟರೆಲ್ಲ ಸೇರುತ್ತಾರೆ. ಹಾಗೆಯೇ ನಿಶ್ಚಿತಾರ್ಥವೂ ಆಗಿಬಿಡಲಿ ಎಂಬ ಲೆಕ್ಕಾಚಾರ. ಎರಡು ಸಲವೂ ಪಾಯಸ ಆರಿ ತಣ್ಣಗಾಯಿತೇ ಹೊರತು ಗಂಡು ಬರಲಿಲ್ಲ. ಮದುಮಗಳಂತೆ ಸಿಂಗರಿಸಿಕೊಂಡು ನೆಂಟರೆದುರು ತಲೆ ತಗ್ಗಿಸಿ ಕೂರುವುದಿದೆಯಲ್ಲ, ಅದು ಯಾವ ಹುಡುಗಿಗೂ ಬೇಡ.

"ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು. ಬೇಜಾರಿಲ್ಲ," ಎಂದಳು. ಬೇಜಾರು ಬೆಟ್ಟದಷ್ಟಿತ್ತು.

"ಬಾ, ಇದನ್ನೊಮ್ಮೆ ನೋಡು."

ಅವಳು ಬೇಕೋ ಬೇಡವೋ ಎಂಬಂತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಒಂದೇ ಹನಿ ನೀರು. ಅದರೊಳಗೆ ಗಾಜಿನ ಸರಪಳಿಯಂಥವು, ಉದ್ದ ಮೀಸೆಯಂಥವು... ಎಷ್ಟೊಂದು ಪುಟಾಣಿ ಜೀವಗಳು!

"ಇವು ಪ್ಲಾಂಕ್ಟನ್. ನೀರು ಕರ್ಕೊಂಡು ಹೋದ ಕಡೆ ಹೋಗ್ತವೆ. ಹುಣ್ಣಿಮೆಗೆ ಉಬ್ಬರ ಜೋರು, ಸಮುದ್ರದವು ನದಿಯೊಳಗೆ ಬಂದ್ಬಿಡ್ತವೆ. ಅಷ್ಟಮಿಗೆ ಉಬ್ಬರ ಕಮ್ಮಿ, ನೀರು ಸಪ್ಪಗಿರುತ್ತೆ, ಆಗ ಅಲ್ಲಿ ಬೇರೆಯವರದೇ ಸಂಸಾರ. ನಂಗೆ ಬೇಕಾಗಿರೋದು ಹುಣ್ಣಿಮೆ ನೀರು ಮಾತ್ರ, ಅವತ್ತೇ ದೋಣೀಲಿ ಹೋಗಿ ತರ್ಬೇಕು. ಒಂದು ಹುಣ್ಣಿಮೆ ತಪ್ಪಿದ್ರೂ ವರ್ಷದ ಕೆಲಸ ಹಾಳು."

"ಮತ್ತೆ ಬರ್ತೀನಿ ಅಂತ ಯಾಕೆ ಒಪ್ಕೊಂಡೆ?"

"ನಿಮ್ಮಮ್ಮ ಅಷ್ಟು ಖುಷಿಯಾಗಿ ಕೇಳಿದ್ರು... ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನ್ನ ಬದಲು ಫ್ರೆಂಡು ದೋಣಿಗೆ ಹೋಗ್ತೀನಿ ಅಂದಿದ್ದ, ಎರಡು ಸಲಾನೂ ಕೈಕೊಟ್ಟ. ಫೋನ್ ಮಾಡಿದ್ರೆ ನೆಪ ಅಂದ್ಕೋತೀರಾ ಅಂತ ಹೆದರಿದೆ." ಅವನು ಅವಳತ್ತ ತಿರುಗಿದ. "ತಪ್ಪು ನಂದೇ. ಆದ್ರೆ ನಿನ್ನ ಬಿಟ್ಟು ಇರೋಕಾಗಲ್ಲ ವಿಶಾಖಾ."

'ಇಂಥ ಪೆದ್ದನನ್ನು ಹೋಗಿ ಹೋಗಿ ಪ್ರೀತಿಸಿದೆನಲ್ಲ...'

ಕೋಪ ಪೂರ್ತಿ ಹೋಗಿರಲಿಲ್ಲ. ಆದರೆ ತಾನು ಅವನಿಗೆ ಬೇಡವಾಗಿಲ್ಲ ಎಂಬುದೊಂದೇ ಅವಳಿಗೆ ಸಾಕಾಗಿತ್ತು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು.

"ಅಮ್ಮ, ನಿಶ್ಚಿತಾರ್ಥ ಅಷ್ಟಮಿಗೆ ಇಟ್ಕೊಳ್ಳೋಣ."

"ಅಷ್ಟಮೀಗಾ? ನೆಂಟರು ಏನಂತಾರೆ?"

ಹಿಂದಿನಿಂದ ತಂದೆ ಸೊಣ್ಣಪ್ಪನವರ ಧ್ವನಿ ಕೇಳಿಸಿತು. "ಹುಡುಗ ಬರೋ ದಿನಾನೇ ಒಳ್ಳೇ ದಿನ ಕಣೇ. ಆಯ್ತು ಅನ್ನು."

ಅಮರ್ ಕಣ್ಣೊರೆಸಿಕೊಂಡ. "ಮದುವೆ ಆದ್ಮೇಲೂ ಹುಣ್ಣಿಮೆಗೆ ನಾನು ಮನೇಲಿರಲ್ಲ."

"ಗೊತ್ತು. ನಾನೂ ಜೊತೆಗೆ ಬರ್ತೀನಿ."

"ನಿಂಗೆ ದೋಣಿ ಅಂದ್ರೆ ಭಯ ಅಲ್ವಾ?"

"ಭಯಾನೇ." ಅವಳು ಅವನ ಕೈ ಹಿಡಿದುಕೊಂಡಳು. "ನೀನು ಪಕ್ಕದಲ್ಲೇ ಕೂತ್ಕೋ."