ಹಬೆ ಎಂಜಿನ್ನಿನ ಪುಟ್ಟ ಸ್ಪ್ರಿಂಗ್

"ಅಪ್ಪ ಮಾಡಿದ ಕಡ್ಡಿ ಎಲ್ಲಿ?"

ಶೆಡ್ಡಿನ ಬಾಗಿಲಲ್ಲೇ ಅವಳು ಅವನನ್ನು ಅಡ್ಡಗಟ್ಟಿದಳು. ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆಲ್ಲ ಧೈರ್ಯ ಹೇಳುವ ಮೆಕ್ಯಾನಿಕ್ ಅವನು; ಬಿಡುವಾದಾಗ ಅವಳ ಅಪ್ಪನಿಗೆ ನೆರವಾಗಲು ಈ ಶೆಡ್ಡಿಗೆ ಬರುತ್ತಿದ್ದ. ಈ ಹುಡುಗಿಯೆದುರು ಮಾತ್ರ ನಾಲಿಗೆಯೇ ಹೊರಳುತ್ತಿರಲಿಲ್ಲ... ಪಾಪ!

"ಡ್ರಾಯರ್‌ನಲ್ಲಿದೆ. ನಾನೇ ಬಿಚ್ಚಿಟ್ಟೆ."

"ಯಾರನ್ನ ಕೇಳಿ?"

ಮೇಜಿನ ಮೇಲೆ ಅಪ್ಪ ಮಾಡಿದ ಮೊಳದುದ್ದದ ಹಬೆ ಎಂಜಿನ್ ನಿಂತಿತ್ತು. ರಿಮೋಟಿನ ಹಿಡಿ ಸರಿಸಿದರೆ ಅದರೊಳಗಿನ ಸರ್ವೊ ಎಂಬ ಪುಟ್ಟ ಮೋಟಾರು ಒಂದು ಕಡ್ಡಿಯನ್ನು ತಳ್ಳಿ ಹಬೆಯ ವಾಲ್ವ್ ತೆರೆಯುತ್ತಿತ್ತು, ಎಳೆದು ಮುಚ್ಚುತ್ತಿತ್ತು. ಎಷ್ಟು ತಳ್ಳಬೇಕೆಂಬ ಅಳತೆ ಇಟ್ಟವಳು ಅವಳೇ. ಈಗ ಆ ಜಾಗದಲ್ಲಿ ನಡುವೆ ಸ್ಪ್ರಿಂಗ್ ಇರುವ ಬೇರೆ ಕಡ್ಡಿ!

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಕೈ ನಡುಗುತ್ತಿತ್ತು. "ಇವತ್ತು ಗೆಳೆಯರ ಮುಂದೆ ನಾನೇ ಓಡಿಸ್ತೀನಿ. ಆಗಲಿಲ್ಲ ಅಂದ್ರೆ ಇನ್ಮೇಲೆ ಶೆಡ್ಡಿಗೆ ಕಾಲಿಡಲ್ಲ" ಎಂದು ಬೆಳಗ್ಗೆಯಷ್ಟೇ ಹೇಳಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ.

"ಅವರ ಕೈ ನಡುಗುತ್ತೆ ಅಂತ ತಾನೇ ಇದನ್ನ ಹಾಕಿದ್ದು?" ಅವಳು ಎಂಜಿನ್ನಿನತ್ತ ಕೈ ತೋರಿದಳು. "ಎಲ್ಲರ ಹಾಗೆ ನೀವೂ ಅವರ ಕೈಲಿ ಇನ್ನೇನೂ ಆಗಲ್ಲ ಅಂದ್ಕೊಂಡ್ರಿ..."

"ಅದಕ್ಕಲ್ಲ..."

"ಮತ್ಯಾಕೆ?"

ಹೇಳಬೇಕೆಂದು ಬಾಯಿ ತೆರೆದವನು, ಅವಳ ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಅಪ್ಪನನ್ನು ಕಂಡು ಸುಮ್ಮನಾದ.

ಅಷ್ಟು ಸಾಕಾಯಿತು ಅವಳಿಗೆ. ಸ್ಪ್ರಿಂಗ್ ಕಡ್ಡಿ ಬಿಚ್ಚಿ ಅವನ ಕೈಗಿಟ್ಟು, ಅಪ್ಪನ ಕಡ್ಡಿಯನ್ನೇ ಕೂರಿಸಿದಳು. 'ಇವನನ್ನ ನಂಬಿ ಏನೇನೋ ಕನಸು ಕಂಡೆನಲ್ಲ... ನನ್ನಂಥ ದಡ್ಡಿ ಇನ್ಯಾರಿದ್ದಾರೆ!'

ಅಂಗಳದ ಹಳಿಯ ಮೇಲೆ ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಗೆಳೆಯರು ಚಪ್ಪಾಳೆ ತಟ್ಟಿದರು. ಹುರುಪಿನಲ್ಲಿ ಅಪ್ಪ ಹಿಡಿಯನ್ನು ಪೂರ್ತಿ ಮುಂದಕ್ಕೆ ಸರಿಸಿದರು.

ಕಿರ್‌ರ್... ಎಂದು ಸರ್ವೊ ನರಳಿತು.

ಅಪ್ಪ ಹಿಡಿಯನ್ನು ಹಿಂದಕ್ಕೆಳೆದರು. ಎಂಜಿನ್ ಕೇಳಲಿಲ್ಲ.

"ನಿಲ್ತಿಲ್ಲಮ್ಮಾ..."

ತಿರುವಿನಲ್ಲಿ ಹಳಿ ತಪ್ಪಿದರೆ ಆಚೆ ಬರೀ ಕಲ್ಲುಚಪ್ಪಡಿ! ಅಷ್ಟರಲ್ಲಿ ಅವನು ಓಡಿ ಹೋಗಿ ಎಂಜಿನ್ನನ್ನು ಎತ್ತಿಬಿಟ್ಟಿದ್ದ. ಕಾದ ಬಾಯ್ಲರ್ ತಗುಲಿ ಅವನ ಎಡಗೈ ಚುರ್ರೆಂದಿತು. ಹಲ್ಲು ಕಚ್ಚಿ ಕೆಳಗಿಳಿಸಿ ಬಾಯ್ಲರಿನಡಿಯ ಉರಿ ಆರಿಸಿದ.

ಅಪ್ಪ ರಿಮೋಟನ್ನು ಕುರ್ಚಿಯ ಮೇಲಿಟ್ಟರು.

"ನನ್ನ ಕೈಯಿಂದಲೇ ಹೀಗಾಯ್ತು. ಸಾಕು, ಒಳಗಿಡಮ್ಮ."

ಅವಳು ಬಗ್ಗಿ ನೋಡಿದಳು. ಕಡ್ಡಿ ಬಿಲ್ಲಿನಂತೆ ಬಾಗಿತ್ತು, ವಾಲ್ವ್ ತೆರೆದೇ ಉಳಿದಿತ್ತು. ಹಲ್ಲಿನ ಡಾಕ್ಟರುಗಳ ರೋಗಿಗಳಿಗೆ ಕೃತಕ ಹಲ್ಲಿನ ಸೆಟ್ ಮಾಡಿಕೊಡುವವಳು, ಕೂದಲೆಳೆಯಷ್ಟೂ ಅಳತೆ ತಪ್ಪುವುದಿಲ್ಲವೆಂಬ ಹೆಮ್ಮೆಯವಳು... ಈಗ ಎದ್ದು ಅಪ್ಪನತ್ತ ತಿರುಗಿದಳು.

"ತಪ್ಪು ನಂದಪ್ಪ. ಸರ್ವೊ ಎಲ್ಲಿವರೆಗೆ ತಳ್ಳಬೇಕು ಅಂತ ಎಂಜಿನ್ ತಣ್ಣಗಿದ್ದಾಗ ಅಳತೆ ಇಟ್ಟುಬಿಟ್ಟೆ. ಬಿಸಿಗೆ ವಾಲ್ವ್ ಬಿಗಿದು ಮುಂಚೇನೇ ನಿಂತಿದೆ. ಮೋಟಾರು ತಳ್ತಾನೇ ಇತ್ತು, ಕಡ್ಡಿ ಬಾಗ್ತು. ಇವರ ಸ್ಪ್ರಿಂಗ್ ಇದ್ದಿದ್ರೆ ಅದು ಕುಗ್ಗಿ ಕಡ್ಡೀನ ಉಳಿಸ್ತಿತ್ತು. ನಾನೇ ಕಿತ್ತು ಹಾಕ್ದೆ."

"ಅಂದ್ರೆ... ನನ್ನ ಕೈ?"

"ಸರಿಯಾದ ಹೊತ್ತಿಗೆ ಹಿಂದಕ್ಕೆ ಎಳೆದ್ರಲ್ಲಪ್ಪ. ನಾನೇ ನೋಡ್ದೆ."

ಅಪ್ಪ ಸ್ವಲ್ಪ ಹೊತ್ತು ತಮ್ಮ ಬೆರಳುಗಳನ್ನೇ ನೋಡಿದರು. ಆಮೇಲೆ ರಿಮೋಟ್ ಎತ್ತಿಕೊಂಡರು.

"ಹಾಗಾದ್ರೆ ಹಾಕ್ರಪ್ಪ ಆ ಸ್ಪ್ರಿಂಗು."

ಅವಳು ಸ್ಪ್ರಿಂಗ್ ಕಡ್ಡಿ ಕೂರಿಸಿ ಮತ್ತೆ ಉರಿ ಹಚ್ಚಿದಳು. ಈ ಸಲ ಎಂಜಿನ್ ಓಡಿತು, ಅಪ್ಪ ಹೇಳಿದಲ್ಲಿ ನಿಂತಿತು. ಅವರು ಕಣ್ಣೊರೆಸಿಕೊಂಡಿದ್ದನ್ನು ಗೆಳೆಯರು ನೋಡಿಯೂ ನೋಡದಂತಿದ್ದರು.

ಹಿತ್ತಲ ನಲ್ಲಿಯ ಕೆಳಗೆ ಅವನು ಸುಟ್ಟ ಕೈ ಹಿಡಿದು ನಿಂತಿದ್ದ.

"ಮೊದಲೇ ಹೇಳೋಕೇನಾಗಿತ್ತು?" ಅವಳು ಹತ್ತಿರ ಬಂದು ಕೇಳಿದಳು.

"ನಿಮ್ಮ ಅಳತೆ ತಪ್ಪು ಅಂತ ನಿಮ್ಮಪ್ಪನ ಮುಂದೆ ಹೇಗೆ ಹೇಳಲಿ? ಅವರು ನಂಬಿರೋದೇ ನಿಮ್ಮನ್ನ."

"ಅದಕ್ಕೆ ಸುಮ್ಮನೆ ಬೈಸಿಕೊಂಡ್ರಾ?"

"ಅಭ್ಯಾಸ ಮಾಡ್ಕೋತಿದ್ದೀನಿ... ಜೀವನಪೂರ್ತಿ ಬೈಸಿಕೊಳ್ಳೋ ಆಸೆ. ನೀವು ಒಪ್ಪಿದ್ರೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಪ್ಪಿದೆ. ಆದ್ರೆ ಇನ್ಮೇಲೆ ನನ್ನ ತಪ್ಪನ್ನ ನನ್ನ ಹತ್ರ ಹೇಳ್ಬೇಕು."

"ಈಗಲೇ ಒಂದು ಹೇಳ್ಲಾ? ಸುಟ್ಟಿರೋದು ಈ ಕೈಯಲ್ಲ."

"ಗೊತ್ತು," ಎಂದಳು ಅವಳು, ಬಿಡದೆ.