ಅಮ್ಮನ ಕೊರಳಿನ ಮಫ್ಲರ್

"ಅಲ್ಲಮ್ಮಾ, ಇದನ್ನ ಮೊಳೆಗೆ ನೇತು ಹಾಕಿದೀಯಲ್ಲ! ಕುತ್ತಿಗೆಗೆ ಹಾಕ್ಕೊಳ್ಳಲಿ ಅಂತ ತಾನೆ ನಾನು ಕೊಟ್ಟಿದ್ದು?"

ಪಟಾಕಿ ಸ್ಕೂಲ್ ಬ್ಯಾಗನ್ನು ಬೆನ್ನಿನಿಂದ ಇಳಿಸದೆ ಅಂಗಡಿಯ ಬಾಗಿಲಲ್ಲೇ ನಿಂತು ಕೂಗಿದಳು. ಅವಳ ನಿಜವಾದ ಹೆಸರನ್ನು ಹಾಜರಿ ಕರೆಯುವಾಗ ಟೀಚರ್ ಮಾತ್ರ ಹೇಳುತ್ತಿದ್ದರು. ಬಾಯಿ ತೆರೆದರೆ ನಿಲ್ಲಿಸುವವಳೇ ಅಲ್ಲ ಎಂದು ಉಳಿದವರಿಗೆಲ್ಲ ಅವಳು ಪಟಾಕಿ.

ಅದು ಕಾರುಗಳಿಗೆ ಪಾಲಿಶ್ ಮಾಡುವ ಅಂಗಡಿ. ಅಲ್ಲಿ ಪಾಲಿಶ್ ಮೆಷಿನ್ ಹಿಡಿಯುವುದು ಅಮ್ಮನ ಕೆಲಸ. ಮೆಷಿನ್ನಿನ ತುದಿಯಲ್ಲಿ ಸಣ್ಣ ತಟ್ಟೆಯಷ್ಟು ಅಗಲದ ಸ್ಪಂಜಿನ ಪ್ಯಾಡ್ ಇತ್ತು. ಸ್ವಿಚ್ ಒತ್ತಿದರೆ ಅದು ಗಿರ್ರನೆ ತಿರುಗಿ, ಮಂಕಾದ ಬಣ್ಣವನ್ನು ಉಜ್ಜಿ ಉಜ್ಜಿ, ನಮ್ಮ ಮುಖ ನಮಗೇ ಕಾಣುವಂತೆ ಮಾಡುತ್ತಿತ್ತು.

ಅಮ್ಮ ಒಂದು ಕೆಂಪು ಕಾರಿನ ಬಾಗಿಲಿನ ಅಂಚಿಗೆ ಟೇಪ್ ಅಂಟಿಸುತ್ತಿದ್ದಳು. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಪ್ಯಾಡ್ ತಾಗಿದರೆ ಸುಟ್ಟು ಹೋಗುತ್ತದೆ, ಅದಕ್ಕೇ ಈ ಟೇಪು.

"ಮೆಷಿನ್ ಹತ್ರ ಜೋತಾಡೋದು ಏನೂ ಇರಬಾರದು ಪುಟ್ಟಾ," ಎಂದಳು ಅಮ್ಮ. "ನೋಡು, ನನ್ನ ಕೈಯಲ್ಲಿ ಬಳೆ ಇಲ್ಲ, ಉಂಗುರ ಇಲ್ಲ. ಕೂದಲು ಟೋಪಿ ಒಳಗೆ. ಮನೆಗೆ ಹೋಗುವಾಗ ಹಾಕ್ಕೋತೀನಿ."

"ಸುಮ್ನೆ ನೆಪ ಹೇಳ್ಬೇಡ! ಅದು ಸೊಟ್ಟಗಿದೆ ಅಂತ ನಿಂಗೆ ನಾಚಿಕೆ."

ಮಫ್ಲರ್ ಸೊಟ್ಟಗಿದ್ದದ್ದು ನಿಜವೇ. ಕ್ರಾಫ್ಟ್ ಪೀರಿಯಡ್‌ನಲ್ಲಿ ಕೂತು ಪಟಾಕಿ ಅದನ್ನು ಹಳದಿ ಉಲ್ಲನ್‌ನಲ್ಲಿ ಹೆಣೆದಿದ್ದಳು. ಶುರುವಿನಲ್ಲಿ ನಾಲ್ಕು ಬೆರಳು ಅಗಲವಿದ್ದದ್ದು ಕೊನೆ ಮುಟ್ಟುವಾಗ ಒಂದು ಗೇಣಾಗಿತ್ತು. ನಡುವೆ ಬೆರಳು ತೂರುವಂಥ ತೂತು ಬೇರೆ. ಮೇಸ್ತ್ರಿ ಮಾಮ ಅದನ್ನು ನೋಡಿ, "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ನಕ್ಕಿದ್ದ. ಅವನೇ ಅಂಗಡಿಯ ಯಜಮಾನ. ಅಮ್ಮನಿಗೆ ಕೆಲಸ ಕಲಿಸಿದವನೂ ಅವನೇ.

ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಎರಡು ಜಡೆಯವಳು, "ನಮ್ಮಮ್ಮ ನಾನು ಹೆಣೆದ ಮಫ್ಲರನ್ನ ಮಲಗುವಾಗಲೂ ತೆಗೆಯಲ್ಲಪ್ಪ," ಎಂದು ಜಂಬ ಕೊಚ್ಚಿಕೊಂಡಿದ್ದಳು. ಆ ಮಾತು ಪಟಾಕಿಯ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಲೇ ಇತ್ತು.

ಅವತ್ತು ಸಂಜೆ ಪಟಾಕಿ ಮುಖ ಊದಿಸಿಕೊಂಡು ಮೂಲೆ ಹಿಡಿದಳು. ಅಮ್ಮ ಕತೆ ಹೇಳ್ತೀನಿ ಬಾ ಅಂದಳು. ತಲೆ ಬಾಚ್ತೀನಿ ಬಾ ಅಂದಳು. ಪಟಾಕಿ ತುಟಿ ಪಿಟಕ್ಕೆನ್ನಲಿಲ್ಲ.

"ಪಟಾಕಿ ಒದ್ದೆಯಾಗಿದೆಯಾ?" ಎಂದು ಅಮ್ಮ ಕೆಣಕಿದಳು. ಪಟಾಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮನಿಗೆ ಮಗಳ ಜಗಳ ತಡೆದುಕೊಳ್ಳುವುದು ಗೊತ್ತಿತ್ತು. ಅವಳು ಸುಮ್ಮನಿದ್ದರೆ ಮಾತ್ರ ಅಮ್ಮನಿಗೆ ತಡೆಯಲಾಗುತ್ತಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಪಟಾಕಿ ಅಂಗಡಿಗೆ ಬಂದಳು. ಮೊಳೆ ಖಾಲಿ! ಮಫ್ಲರ್ ಅಮ್ಮನ ಕೊರಳಲ್ಲಿತ್ತು. ಒಂದು ಸುತ್ತು ಸುತ್ತಿ, ತುದಿಗಳನ್ನು ಏಪ್ರನ್ನಿನ ಒಳಗೆ ತುರುಕಿಕೊಂಡಿದ್ದಳು.

"ಈಗ ಖುಷಿನಾ ಮಹಾರಾಣಿಗೆ?"

ಪಟಾಕಿಯ ಮುಖ ಊರಗಲವಾಯಿತು. ಗೋಡೆಯ ಸ್ವಿಚ್ ಬೋರ್ಡಿನ ಪಕ್ಕ ಅವಳದೊಂದು ಸ್ಟೂಲು. ಅದರ ಮೇಲೆ ಕೂತು ಹೋಮ್‌ವರ್ಕ್ ತೆಗೆದಳು. ನೆಲದ ಮೇಲಿನ ಹಳದಿ ಗೆರೆ ದಾಟಿ ಕಾರಿನ ಹತ್ತಿರ ಬರಬಾರದು ಅನ್ನುವುದು ಅಲ್ಲಿಯ ಕಾನೂನು. ಮೇಸ್ತ್ರಿ ಮಾಮ ಹೊರಗೆ ಗಿರಾಕಿಯ ಹತ್ತಿರ ಮಾತಾಡುತ್ತಿದ್ದ.

ಅಮ್ಮ ಕೆಂಪು ಕಾರಿನ ಬಾಗಿಲಿಗೆ ಬಿಳಿ ಪೇಸ್ಟಿನ ನಾಲ್ಕು ಬೊಟ್ಟು ಇಟ್ಟಳು. ಮೆಷಿನ್ನಿನ ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಕೊಂಡಳು. ಮೊದಲು ಪ್ಯಾಡನ್ನು ಬಣ್ಣಕ್ಕೆ ತಾಗಿಸಿದಳು, ಆಮೇಲೆ ಸ್ವಿಚ್ ಒತ್ತಿದಳು. ಗಾಳಿಯಲ್ಲೇ ಒತ್ತಿದರೆ ಪೇಸ್ಟೆಲ್ಲ ಸಿಡಿದು ಗೋಡೆಗೂ ಮೂಗಿಗೂ ಬಳಿದುಕೊಳ್ಳುತ್ತದೆ. ಬಟನ್ ಲಾಕ್ ಆಯಿತು, ಇನ್ನು ಬೆರಳು ತೆಗೆದರೂ ಮೆಷಿನ್ ತಿರುಗುತ್ತಲೇ ಇರುತ್ತದೆ. ಎರಡೂ ಕೈಯಲ್ಲಿ ಹಿಡಿದ ಮೆಷಿನ್ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಿಧಾನಕ್ಕೆ ಹೋಗತೊಡಗಿತು. ಒಂದೇ ಕಡೆ ನಿಂತರೆ ಬಣ್ಣ ಕಾಯುತ್ತದೆ. ಆಗಾಗ ಅಮ್ಮ ಮೆಷಿನ್ ನಿಲ್ಲಿಸಿ, ಕೈಯ ಹಿಂಭಾಗವನ್ನು ಬಾಗಿಲಿಗೆ ತಾಗಿಸಿ, ಬಿಸಿಯಾಗಿದೆಯಾ ಎಂದು ನೋಡುತ್ತಿದ್ದಳು. ಪಟಾಕಿಗೆ ಜ್ವರ ಬಂದಾಗ ಹಣೆ ಮುಟ್ಟುವುದೂ ಹೀಗೆಯೇ.

ಬಾಗಿಲಿನ ಕೆಳಭಾಗಕ್ಕೆ ಅಮ್ಮ ಮಂಡಿಯೂರಿ ಬಗ್ಗಿದಳು.

ಪಟಾಕಿ ಗಣಿತದ ಲೆಕ್ಕದಿಂದ ತಲೆ ಎತ್ತಿದಳು. ಏಪ್ರನ್ನಿನ ಒಳಗಿಂದ ಮಫ್ಲರಿನ ಅಗಲದ ತುದಿ ಮೆಲ್ಲಗೆ ಜಾರಿ ಹೊರಗೆ ಬಂದಿತ್ತು. ಅದು ಪ್ಯಾಡಿನ ಮೇಲೆಯೇ ತೂಗುತ್ತಿತ್ತು.

"ಅಮ್ಮಾ! ಮಫ್ಲರ್!"

ಮೆಷಿನ್ ಸದ್ದಿನಲ್ಲಿ ಅಮ್ಮನಿಗೆ ಕೇಳಿಸಲಿಲ್ಲ. ಊರಿಗೆಲ್ಲ ಕೇಳುವ ಪಟಾಕಿಯ ಗಂಟಲು ಅವತ್ತು ಕೆಲಸಕ್ಕೆ ಬರಲಿಲ್ಲ.

ಗಪ್ಪನೆ ಪ್ಯಾಡ್ ಮಫ್ಲರನ್ನು ಹಿಡಿಯಿತು. ಅಮ್ಮನ ತಲೆ ಸರಕ್ಕನೆ ಕೆಳಕ್ಕೆ ಹೋಯಿತು.

ಅಮ್ಮನ ಕಡೆ ಓಡಬೇಕೆಂದು ಪಟಾಕಿಯ ಕಾಲು ಎದ್ದಿತ್ತು, ಆದರೆ ಕೈ ಅದಕ್ಕಿಂತ ಮೊದಲು ಗೋಡೆಗೆ ಹೋಯಿತು. ಟಕ್! ಸ್ವಿಚ್ ಆಫ್.

ಗಿರ್ರೆನ್ನುವುದು ಇಳಿದು ಇಳಿದು ನಿಂತಿತು. ಅಮ್ಮನ ಗಲ್ಲಕ್ಕೂ ಪ್ಯಾಡಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಮೇಸ್ತ್ರಿ ಮಾಮ ಓಡಿ ಬಂದ. ಪ್ಲಗ್ ಕಿತ್ತು, ಕತ್ತರಿ ತಂದು ಕಚಕ್ಕನೆ ಮಫ್ಲರ್ ಕತ್ತರಿಸಿದ. ಅಮ್ಮ ನೆಲದ ಮೇಲೆ ಕೂತು ಕುತ್ತಿಗೆ ಸವರಿಕೊಂಡಳು. ಅಲ್ಲಿ ಒಂದು ಕೆಂಪು ಗೆರೆ ಎದ್ದಿತ್ತು. ಬೇರೇನೂ ಆಗಿರಲಿಲ್ಲ.

"ಏನಮ್ಮಾ ಇದು!" ಮೇಸ್ತ್ರಿ ಮಾಮ ಗದರಿದ. "ಹೊಸದಾಗಿ ಬಂದವರಿಗೆ ಬುದ್ಧಿ ಹೇಳೋರು ನೀವು. ಮೆಷಿನ್ ಮುಂದೆ ಯಾರಾದ್ರೂ ಇದನ್ನೆಲ್ಲ ಹಾಕ್ಕೋತಾರಾ? ಹಾಕ್ಕೋ ಅಂತ ಯಾರು ಹೇಳಿದ್ರು ನಿಮಗೆ?"

ಪಟಾಕಿ ಉಸಿರು ಬಿಗಿ ಹಿಡಿದು ನಿಂತಳು. ಈಗ ಹೇಳ್ತಾಳೆ. ಈಗ ಬೆರಳು ತೋರಿಸ್ತಾಳೆ.

"ಯಾರೂ ಹೇಳಲಿಲ್ಲ," ಎಂದಳು ಅಮ್ಮ. "ಚಳಿ ಅಂತ ನಾನೇ ಹಾಕ್ಕೊಂಡೆ. ನನ್ನದೇ ತಪ್ಪು."

ಮೇಸ್ತ್ರಿ ಮಾಮ ಪಟಾಕಿಯ ಕಡೆ ತಿರುಗಿದ. "ಸ್ವಿಚ್ ಆಫ್ ಮಾಡಿದ್ದು ನೀನಾ?"

ಪಟಾಕಿ ತಲೆ ಆಡಿಸಿದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟು, ನೀರು ತರಲು ಹೋದ.

ಅಮ್ಮ ಕೈ ಚಾಚಿ ಮಗಳನ್ನು ಹತ್ತಿರ ಎಳೆದುಕೊಂಡಳು. ಪ್ಯಾಡಿಗೆ ಸುತ್ತಿಕೊಂಡಿದ್ದ ಹಳದಿ ಉಲ್ಲನ್ನನ್ನು ನೋಡಿ, "ಅಯ್ಯೋ, ನಿನ್ನ ಮಫ್ಲರ್ ಹಾಳಾಯ್ತಲ್ಲೇ ಪುಟ್ಟಾ. ಎಷ್ಟು ಕಷ್ಟಪಟ್ಟು ಹೆಣೆದಿದ್ದೆ," ಎಂದಳು.

ಪಟಾಕಿಗೆ ಇನ್ನು ತಡೆಯಲಾಗಲಿಲ್ಲ. ಅಮ್ಮನ ಏಪ್ರನ್ನಿನಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ನಂಗೆ ಮಫ್ಲರ್ ಬೇಡ... ನಾನೇ... ನಾನು ಮಾತು ಬಿಟ್ಟಿದ್ದಕ್ಕೇ ನೀನು..."

"ಶ್! ನಂಗೇನೂ ಆಗಿಲ್ಲ ಕಣೇ. ಮೂಗು ಒರೆಸ್ಕೋ. ಏಪ್ರನ್ನಿಗಲ್ಲ, ಅಲ್ಲಿ ಪೇಸ್ಟ್ ಇದೆ!"

ಹೊತ್ತು ಮುಳುಗುವ ಮೊದಲೇ ಮೇಸ್ತ್ರಿ ಮಾಮ ಅವರಿಬ್ಬರನ್ನೂ ಮನೆಗೆ ಕಳಿಸಿದ. ಪಟಾಕಿ ಉಳಿದಿದ್ದ ತುಂಡನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸಿದ ಕಡೆ ಬಿಚ್ಚಿ ಹೋಗದಂತೆ ಒಂದೊಂದೇ ಎಳೆಗೆ ಗಂಟು ಹಾಕಿದಳು. ಮೊದಲೇ ಸೊಟ್ಟಗಿದ್ದ ಮಫ್ಲರ್ ಈಗ ಮೊಟಕೂ ಆಯಿತು. ಆದರೂ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಅದನ್ನು ಕೊರಳಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಕೊರೆಯುವ ಚಳಿ. ಇಬ್ಬರೂ ಕೈ ಹಿಡಿದುಕೊಂಡು ನಡೆದರು. ಅಂಗಡಿಯ ಬಾಗಿಲಿಗೆ ಬಂದಾಗ ಅಮ್ಮನ ಹೆಜ್ಜೆ ನಿಧಾನವಾಯಿತು. ಅವಳ ಕೈ ಮಫ್ಲರಿನ ಕಡೆ ಎದ್ದು ಅರ್ಧದಲ್ಲೇ ನಿಂತಿತು. ಮಳೆ ಬರುತ್ತದೋ ಏನೋ ಎಂದು ಆಕಾಶ ನೋಡುವವರ ಹಾಗೆ ಅವಳು ಮಗಳ ಮುಖ ನೋಡಿದಳು.

ಪಟಾಕಿಗೆ ಆ ಕೈ ಕಂಡಿತು. ನಿನ್ನೆ ಇಷ್ಟೆಲ್ಲ ಆದ ಮೇಲೂ ಅಮ್ಮನಿಗೆ ಹೆದರಿಕೆ ಮೆಷಿನ್ನಿನದಲ್ಲ, ತನ್ನ ಮುನಿಸಿನದು.

"ಬಗ್ಗಮ್ಮಾ," ಎಂದಳು.

ಅಮ್ಮ ಬಗ್ಗಿದಳು. ಪಟಾಕಿ ಮಫ್ಲರನ್ನು ತಾನೇ ಬಿಚ್ಚಿ ತೆಗೆದು ತನ್ನ ಕೊರಳಿಗೆ ಸುತ್ತಿಕೊಂಡಳು. "ಸಂಜೆ ವಾಪಸ್ ಕೊಡ್ತೀನಿ. ಈಗ ಕೈ ತೋರಿಸು."

ಅಮ್ಮ ನಗು ತಡೆದುಕೊಂಡು ಎರಡೂ ಕೈ ಮುಂದೆ ಚಾಚಿದಳು.

"ಬಳೆ?"

"ಇಲ್ಲ."

"ಉಂಗುರ?"

"ಮನೇಲಿದೆ."

"ಕೂದಲು?" ಎನ್ನುತ್ತಲೇ ಪಟಾಕಿ ತುದಿಗಾಲಲ್ಲಿ ನಿಂತು, ಅಮ್ಮನ ಕಿವಿಯ ಹತ್ತಿರ ಹೊರಗೆ ಇಣುಕಿದ್ದ ಒಂದು ಎಳೆಯನ್ನು ಟೋಪಿಯ ಒಳಗೆ ಸೇರಿಸಿದಳು. "ಹಾಂ, ಈಗ ಹೋಗು."

ಅಮ್ಮ ಒಳಗೆ ಹೋದಳು. ಪಟಾಕಿ ಗಲ್ಲದವರೆಗೆ ಮಫ್ಲರ್ ಎಳೆದುಕೊಂಡು ಶಾಲೆಯ ಕಡೆ ಹೆಜ್ಜೆ ಹಾಕಿದಳು. ಅದರಲ್ಲಿ ಅಮ್ಮನ ಕೊರಳಿನ ಬಿಸಿ ಇನ್ನೂ ಇತ್ತು.