ಗೋಡೆಗೆ ತೂಗುಹಾಕಿದ ಸೈಕಲ್

"ಲಿವರ್ ಮಾತ್ರ ಮುಟ್ಟಬೇಡಿ. ಬೇರೆ ಏನು ಬೇಕಾದ್ರೂ ಬದಲಾಯಿಸಿ," ಎಂದಳು ಸೊಲ್ಮಾಜ್.

ಆಯ್ದಿನ್ ತಲೆಯೆತ್ತಿ ನೋಡಿದ. ತಬ್ರೀಜ್ ಪಟ್ಟಣದ ಅವನ ಸೈಕಲ್ ಅಂಗಡಿಯಲ್ಲಿ ಇಂಥ ಷರತ್ತು ಯಾರೂ ಹಾಕಿರಲಿಲ್ಲ. ಆದರೆ ಅವಳು ತಂದಿದ್ದು ಯಾಶಾರನ ಸೈಕಲ್. ಹ್ಯಾಂಡಲಿನ ಮೇಲಿನ ಗೇರ್ ಲಿವರುಗಳ ಕಪ್ಪು ರಬ್ಬರು ಅವನ ಹೆಬ್ಬೆರಳು ಕೂರುತ್ತಿದ್ದ ಕಡೆ ಸವೆದು ನುಣುಪಾಗಿತ್ತು. ಅವಳ ಬೆರಳು ಸರಿಯಾಗಿ ಅದೇ ಜಾಗದಲ್ಲಿತ್ತು.

ಯಾಶಾರ್ ಅವಳ ಗಂಡ. ಆಯ್ದಿನನ ಜೊತೆ ಒಂದೇ ತಂಡದಲ್ಲಿ ಸೈಕಲ್ ರೇಸ್ ಓಡಿದವನು. ಕಾಯಿಲೆ ಅವನನ್ನು ಕೊಂಡೊಯ್ದು ಮೂರು ವರ್ಷವಾಗುತ್ತ ಬಂದಿದ್ದರೂ ಸೊಲ್ಮಾಜ್ ಕಪ್ಪು ಬಟ್ಟೆ ಬಿಟ್ಟಿರಲಿಲ್ಲ. ಹಾಗೆ ತಾನಾಗಿ ಬಿಡುವಂತೆಯೂ ಇಲ್ಲ. ಮನೆಯ ಹಿರಿಯರು ಬಣ್ಣದ ಬಟ್ಟೆ ತಂದು ಹೊದಿಸಿ ದುಃಖದ ಕಪ್ಪನ್ನು ಬಿಡಿಸಬೇಕು. ಅವಳಿಗೆ ಉಳಿದ ಹಿರಿಯರೆಂದರೆ ಅತ್ತೆ ಸಕೀನಾ ಖಾನುಮ್ ಒಬ್ಬರೇ. ಅವರು ತಂದಿರಲಿಲ್ಲ, ಇವಳು ಕೇಳಿರಲಿಲ್ಲ.

ಸೈಕಲ್ ಮೆಟ್ಟಿಲಿನಿಂದ ಉರುಳಿಬಿದ್ದು, ಹಿಂಚಕ್ರದ ಬಳಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಮುರಿದಿತ್ತು. ಲಿವರ್ ಇಟಲಿಯದು. ಬಜಾರಿನಲ್ಲಿ ಸಿಗುವ ಡಿರೈಲರುಗಳೆಲ್ಲ ಜಪಾನಿನವು. ಊರಿಗೆಲ್ಲ ಒಂದೇ ಒಂದು ಇಟಲಿಯ ಡಿರೈಲರ್ ಉಳಿದಿತ್ತು. ಅದು ಅಂಗಡಿಯ ಹಿಂಗೋಡೆಗೆ ತೂಗುಹಾಕಿದ್ದ ಆಯ್ದಿನನ ಸ್ವಂತ ಸೈಕಲ್ಲಿನಲ್ಲಿತ್ತು. ತಂಡಕ್ಕೆಂದು ಒಟ್ಟಿಗೆ ಬಂದ ಜೋಡಿ ಸೈಕಲ್ಲುಗಳು ಅವು. ಬಿಚ್ಚಿ ಇದಕ್ಕೆ ಹಾಕಿದ್ದರೆ ಅವಳು ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿಬಿಡುತ್ತಿತ್ತು. ಆಮೇಲೆ ಈ ಬಾಗಿಲಿಗೆ ಬರಲು ಅವಳಿಗೆ ಕಾರಣವೇ ಇರುತ್ತಿರಲಿಲ್ಲ.

"ಜಪಾನಿಂದು ಹಾಕಿ ನೋಡ್ತೀನಿ, ಖಾನುಮ್. ಸ್ವಲ್ಪ ದಿನ ಹಿಡಿಯುತ್ತೆ," ಎಂದ. ಹೇಳುವಾಗ ಗೋಡೆಯ ಕಡೆ ನೋಡಲಿಲ್ಲ.

ಮನುಷ್ಯ ಒಳ್ಳೆಯವನೇ. ಗಿರಾಕಿಗೆ ಒಂದು ನಟ್ಟಿನ ವಿಷಯದಲ್ಲೂ ಸುಳ್ಳು ಹೇಳಿದವನಲ್ಲ. ಅವಳನ್ನು ಕಂಡಾಗ ಮಾತ್ರ ಬುದ್ಧಿ ಅವನ ಮಾತು ಕೇಳುತ್ತಿರಲಿಲ್ಲ.

ಹಾಗೆ ಶುರುವಾಯಿತು. ಇಟಲಿಯ ಲಿವರ್ ಒಂದು ಟಿಕ್ಕಿಗೆ ಎಳೆಯುವಷ್ಟು ಕೇಬಲ್ ಜಪಾನಿನ ಡಿರೈಲರಿಗೆ ಕೂದಲೆಳೆಯಷ್ಟು ಹೆಚ್ಚು. ಮೊದಲ ಟಿಕ್ಕಿನಲ್ಲಿ ಗೊತ್ತಾಗುವುದಿಲ್ಲ. ಟಿಕ್ಕು ಟಿಕ್ಕಿಗೂ ತಪ್ಪು ಬೆಳೆದು, ನಡುವಿನ ಹೊತ್ತಿಗೆ ಚೈನು ಎರಡು ಚಕ್ರಗಳ ಮಧ್ಯೆ ಕೂತು ಕರಕರ ಎನ್ನುತ್ತದೆ. ಆಯ್ದಿನ್ ಕೇಬಲನ್ನು ಬೋಲ್ಟಿನ ಆಚೆ ಬದಿಗೆ ಬಿಗಿದು ನೋಡಿದ. ಕರಕರ ಕಡಿಮೆಯಾಯಿತು, ಹೋಗಲಿಲ್ಲ.

ಸೊಲ್ಮಾಜ್ ದಂತವೈದ್ಯರಿಗೆ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿದ್ದಳು. ದಿನವಿಡೀ ಮೇಣದಲ್ಲಿ ಹಲ್ಲು ಕೆತ್ತಿ ಲೋಹದಲ್ಲಿ ಎರಕ ಹೊಯ್ಯುವವಳು. ಲಿವರಿಗೂ ಡಿರೈಲರಿಗೂ ನಡುವೆ ಎರಡು ಅಳತೆಯ ಪುಟ್ಟ ರಾಟೆಯೊಂದನ್ನು ಕೂರಿಸಿದರೆ, ದೊಡ್ಡ ಸುತ್ತಿಗೆ ಬಂದ ಎಳೆತ ಚಿಕ್ಕ ಸುತ್ತಿನಲ್ಲಿ ಕಡಿಮೆಯಾಗಿ ಹೊರಡುತ್ತದೆ ಎಂದು ಅವನು ಹೇಳಿದ್ದೇ ತಡ, ತಾನೇ ಮಾಡಿ ತರುತ್ತೇನೆಂದಳು.

ಸಂಜೆ ಲ್ಯಾಬ್ ಮುಚ್ಚಿದ ಮೇಲೆ ಬರತೊಡಗಿದಳು. ಅಂಗೈಯಲ್ಲಿ ರಾಟೆ, ಉಗುರಿನ ಸಂದಿನಲ್ಲಿ ಗುಲಾಬಿ ಮೇಣ. ಅವನು ಟೀ ಬಗ್ಗಿಸಿಕೊಡುತ್ತಿದ್ದ. ಅವಳು ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕುಡಿಯುವಾಗ, ಅವನು ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಬಾಗುತ್ತಿದ್ದ.

"ಆ ಚೈನಿಗೆ ಆಗಲೇ ಎಣ್ಣೆ ಬಿಟ್ರಿ, ಆಯ್ದಿನ್ ಆಗಾ."

"ಇನ್ನೊಂದು ತೊಟ್ಟು ಬೇಕಿತ್ತು."

"ಪಾಪ, ಅದಕ್ಕೆಷ್ಟು ಬಾಯಾರಿಕೆ."

ಅವಳು ನಕ್ಕಿದ್ದು ಅರೆಗಳಿಗೆ. ಕೂಡಲೇ, ತಪ್ಪು ಮಾಡಿದವಳಂತೆ ಕಪ್ಪು ಸ್ಕಾರ್ಫಿನ ಅಂಚನ್ನು ಮುಂದಕ್ಕೆ ಎಳೆದುಕೊಂಡಳು. ಆಯ್ದಿನ್ ಆ ಕೈಯಿಂದ ಕಣ್ಣು ಕಿತ್ತು ಮತ್ತೆ ಚೈನಿನತ್ತ ಬಾಗಿದ.

ಕೊನೆಗೊಂದು ರಾಟೆ ಕೂತಿತು. ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸಿದರೆ ಚೈನು ಮೇಲಿನಿಂದ ಕೆಳಗಿನವರೆಗೂ ಸದ್ದಿಲ್ಲದೆ ಇಳಿಯಿತು. ಕಿವಿ ಒಪ್ಪಿತು; ಆಯ್ದಿನ್ ಅದನ್ನೇ ನಂಬಿದ. ಸೈಕಲ್ಲಿನ ಮೇಲೆ ಮನುಷ್ಯರ ಭಾರ ಬಿದ್ದಾಗ ಏನಾಗುತ್ತದೆಂದು ತಾನು ಹತ್ತಿ ನೋಡಬೇಕಿತ್ತು. ಆದರೆ ಯಾಶಾರನ ಸೀಟಿನ ಮೇಲೆ ಕೂರಲು ಅವನಿಗೆ ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸಹಂದ್ ಬೆಟ್ಟದ ದಾರಿ ಹಿಡಿದರು. ಮುಂದೆ ಅವಳು, ಹಿಂದೆ ಅಂಗಡಿಯ ಬೇರೊಂದು ಸೈಕಲ್ಲಿನಲ್ಲಿ ಅವನು. ಏರು ಕಡಿದಾದಲ್ಲಿ ಅವಳು ಪೆಡಲ್ ಮೇಲೆ ಎದ್ದು ನಿಂತಳು. ಚೈನು ಜಾರಿತು. ಕಾಲಡಿ ಹಿಡಿತ ತಪ್ಪಿ, ಸೈಕಲ್ಲಿನ ಸಮೇತ ರಸ್ತೆಯ ಅಂಚಿನ ಜಲ್ಲಿಯ ಮೇಲೆ ಬಿದ್ದಳು.

ಬಲಗೈ ಮಣಿಕಟ್ಟು ಮುರಿದಿತ್ತು. ಹಲ್ಲು ಕೆತ್ತುವ ಕೈ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವಳು ಅವನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಹೋದವನೇ ತನ್ನ ಸೈಕಲ್ಲನ್ನು ಗೋಡೆಯಿಂದ ಇಳಿಸಿ ಡಿರೈಲರ್ ಬಿಚ್ಚಿದ. ಇನ್ನು ಅವಳು ಬರುವುದಿಲ್ಲವೆಂದು ತಿಳಿದೇ ಬಿಚ್ಚಿದ.

ಮರುದಿನ ಮಧ್ಯಾಹ್ನ ಅವಳ ಮನೆಯ ಬಾಗಿಲು ತೆರೆದವರು ಸಕೀನಾ ಖಾನುಮ್. ಅವರೂ ಕಪ್ಪಿನಲ್ಲೇ ಇದ್ದರು. ಒಳಗೆ ಕರೆದು ಟೀ ಇಟ್ಟರು. ಅವನು ಕಪ್ ಮುಟ್ಟದೆ, ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿ ಸೊಲ್ಮಾಜಳ ಮುಂದಿಟ್ಟ.

"ಇದು ಮೊದಲಿಂದ್ಲೂ ನನ್ನ ಹತ್ರಾನೇ ಇತ್ತು," ಎಂದ. "ಯಾಶಾರನ ಲಿವರಿಗೆ ಸರಿಹೋಗೋದು ಇದೇ. ಹಾಕಿದ್ರೆ ಅವತ್ತೇ ಮುಗೀತಿತ್ತು. ಮುಗಿದ್ರೆ ನೀವು ಬರ್ತಿರಲಿಲ್ಲ. ಅದಕ್ಕೆ ಕೊಡಲಿಲ್ಲ. ನಿಮ್ಮ ಕೈ ಮುರಿದಿದ್ದು ನನ್ನಿಂದ."

ಅತ್ತೆಯ ಎದುರಿಗೇ ಹೇಳಿದ್ದ. ಸೊಲ್ಮಾಜ್ ಎಡಗೈಯಲ್ಲಿ ಡಿರೈಲರ್ ಎತ್ತಿಕೊಂಡು ತಿರುಗಿಸಿ ನೋಡಿದಳು.

"ನನಗೆ ಗೊತ್ತಿತ್ತು."

"ಏನು?"

"ಕಣ್ಣೆದುರಿಗೇ ತೂಗುಹಾಕಿದ್ರಲ್ಲ. ನಮ್ಮನೇಲಿ ಅದರ ಜೋಡೀನ ವರ್ಷಗಟ್ಟಲೆ ಒರೆಸಿದವಳು ನಾನು. ನೋಡಿದ್ರೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. ಅತ್ತೆಗೆ ಕೇಳಿಸಿದರೂ ಸರಿ ಎಂಬಂತೆ ಹೇಳಿದಳು. "ಕೇಳಿದ್ರೆ ಕೊಟ್ಟುಬಿಡ್ತಿದ್ರಿ."

ಸಕೀನಾ ಖಾನುಮ್ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದಾಯಿತು. ಆಯ್ದಿನ್ ಹೊರಡಲು ಎದ್ದುನಿಂತ. ಇನ್ನು ಆ ಮನೆಯಲ್ಲಿ ತನಗೆ ಜಾಗವಿಲ್ಲ ಎಂದುಕೊಂಡ.

ಅವರು ಮಡಿಕೆ ಬಿಚ್ಚದ ಹಸಿರು ರೇಷ್ಮೆಯ ಸ್ಕಾರ್ಫ್ ಹಿಡಿದು ಬಂದರು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.

"ತಂದು ಬಹಳ ದಿನ ಆಯ್ತು," ಎಂದರು ಸೊಸೆಗೆ. "ನಿಂಗೆ ಕೊಟ್ರೆ ನನ್ನ ಮಗ ಇನ್ನೊಂದ್ಸಲ ಸತ್ತಂಗಾಗುತ್ತೆ ಅಂತ ಬಚ್ಚಿಟ್ಟೆ. ನಿಂಗೆ ಅನ್ಯಾಯ ಮಾಡ್ಬಿಟ್ಟೆ ಕಣಮ್ಮ."

ಪ್ಲಾಸ್ಟರಿನ ಕೈಯನ್ನು ಮೆಲ್ಲಗೆ ಸರಿಸಿ, ಕಪ್ಪು ಸ್ಕಾರ್ಫನ್ನು ತಾವೇ ತೆಗೆದು ಹಸಿರನ್ನು ಹೊದಿಸಿದರು. ಸೊಲ್ಮಾಜ್ ಅವರ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು. ಆಯ್ದಿನ್ ಎಲ್ಲಿ ನೋಡಬೇಕೆಂದು ತಿಳಿಯದೆ ಆರಿದ ಟೀಯನ್ನೇ ನೋಡುತ್ತ ನಿಂತ.

ಅಳು ನಿಂತ ಮೇಲೆ ಅವಳು ಡಿರೈಲರನ್ನು ಬಟ್ಟೆಯಲ್ಲಿ ಸುತ್ತಿ ಅವನ ಕಡೆ ಸರಿಸಿದಳು. ಅದನ್ನು ಅವನ ಸೈಕಲ್ಲಿಗೇ ಹಾಕಿಕೊಳ್ಳಲಿ, ತನ್ನ ಕೈ ಕೂಡಿಕೊಂಡ ಮೇಲೆ ಇನ್ನೊಂದು ರಾಟೆ ಎರಕ ಹೊಯ್ಯುತ್ತೇನೆ ಎಂದಳು. ಈ ಸಲ ಏರಿನಲ್ಲಿ ಮೊದಲು ಅವನೇ ಯಾಶಾರನ ಸೈಕಲ್ ಹತ್ತಿ ನೋಡಬೇಕು ಎಂದೂ ಸೇರಿಸಿದಳು.

ಅವನು ಆಗಲೆಂದು ತಲೆಯಾಡಿಸಿದ.

ಬಾಗಿಲ ತನಕ ಕಳಿಸಲು ಸಕೀನಾ ಖಾನುಮ್ ಬಂದರು. ಹೊಸ್ತಿಲಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದರು.

"ಆಯ್ದಿನ್, ಆ ಲಿವರ್ ಮಾತ್ರ ತೆಗೀಬೇಡಪ್ಪ."

"ತೆಗೆಯಲ್ಲ, ಖಾಲಾ."

"ಮಿಕ್ಕಿದ್ದೆಲ್ಲ ನಿಮ್ಮಿಬ್ಬರಿಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಳ್ಳಿ," ಎಂದು ತೋಳು ಬಿಟ್ಟರು.